ಓದುಗರ ಪ್ರಶ್ನೆ: ಅರ್ಥ ಸಿಕ್ಕಿತು, ಪದ ಯಾಕೆ ನಿಲ್ಲಲಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇದ್ದವು. ಫೋನ್, ಟ್ಯಾಬ್, ಇ-ರೀಡರ್ ಇಟ್ಟುಕೊಂಡು ಇನ್ನೊಂದು ಭಾಷೆ ಓದುವುದು, ಓದುತ್ತಾ ಪದ ಕಲಿಯುವುದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕಷ್ಟೇ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳಿಕೊಂಡಿದ್ದರು. ಸುಮ್ನೆ ಭೇದ ಯಾಕೆ ಅಂತ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಎರಡು ವರ್ಷದಿಂದ ಇ-ರೀಡರ್‌ನಲ್ಲಿ ಇಂಗ್ಲಿಷ್ ಕಾದಂಬರಿ ಓದುತ್ತಿದ್ದೇನೆ. ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಓದು ಸಲೀಸು. ಆದರೆ 'ರಿಲಕ್ಟಂಟ್' ಅನ್ನುವ ಒಂದೇ ಪದದ ಅರ್ಥವನ್ನು ಕಡಿಮೆ ಅಂದರೂ ಹತ್ತು ಸಲ ನೋಡಿದ್ದೇನೆ. ಇವತ್ತಿಗೂ ಅದು ಎದುರಾದರೆ ಬೆರಳು ತಾನಾಗಿ ಹೋಗುತ್ತದೆ. ನನ್ನ ನೆನಪಿನ ಶಕ್ತಿಯೇ ಕಮ್ಮಿಯಾ?

ಉತ್ತರ: ನೆನಪಿನ ಶಕ್ತಿಗೆ ಏನೂ ಆಗಿಲ್ಲ. ನೀವು ಅದಕ್ಕೆ ಕೆಲಸ ಕೊಟ್ಟಿಲ್ಲ, ಅಷ್ಟೇ.

ಬೆರಳು ಒತ್ತಿದಿರಿ, ಅರ್ಥ ಬಂತು, ವಾಕ್ಯ ಬಿಡಿಸಿಕೊಂಡಿತು, ಕಣ್ಣು ಮುಂದಿನ ಸಾಲಿಗೆ ಹೋಯಿತು. ಎಲ್ಲ ಸೇರಿ ಎರಡು ಸೆಕೆಂಡ್. ಆ ಹೊತ್ತಿನಲ್ಲಿ ನಿಮಗೆ ಬೇಕಾಗಿದ್ದು ಕಥೆ, ಅದು ಸಿಕ್ಕಿತು. ಪದ ಅಲ್ಲೇ ಬಿತ್ತು. ಫೋನಿನಲ್ಲಿ ಸೇವ್ ಆಗಿದೆ ಅಂದಮೇಲೆ ಮನೆಯವರ ನಂಬರೂ ಬಾಯಿಗೆ ಬರುವುದಿಲ್ಲ ಅಲ್ವಾ, ಇದೂ ಹಾಗೇ. ಬೇಕಾದಾಗ ಸಿಗುತ್ತದೆ ಅನ್ನುವುದು ಖಾತ್ರಿ ಇರುವಾಗ ಮನಸ್ಸು ಹೊರೆ ಹೊರುವುದಿಲ್ಲ.

ಬಾಟಿಯಾ ಲೌಫರ್ ಮತ್ತು ಯಾನ್ ಹುಲ್‌ಸ್ಟೈನ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಇದರ ಬಗ್ಗೆ ಒಂದು ವಾದ ಮುಂದಿಟ್ಟರು. ಓದುವಾಗ ಸಿಕ್ಕ ಪದ ನೆನಪಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ ಅಂತ. ಆ ಪದ ನಿಮಗೆ ನಿಜಕ್ಕೂ ಬೇಕಿತ್ತಾ, ಅದರ ಅರ್ಥವನ್ನು ನೀವೇ ಹುಡುಕಿದಿರಾ, ಸಿಕ್ಕ ಅರ್ಥ ಈ ಜಾಗಕ್ಕೆ ಕೂರುತ್ತದಾ ಅಂತ ತೂಗಿ ನೋಡಿದಿರಾ. ನಿಮ್ಮ ಬೆರಳಿನ ಕೆಲಸವನ್ನು ಈ ಮೂರಕ್ಕೆ ಹಿಡಿದು ನೋಡಿ. ಬೇಕಿತ್ತು, ಸರಿ. ಹುಡುಕಿದ್ದು ಇಲ್ಲವೇ ಇಲ್ಲ, ಯಂತ್ರ ತಂದುಕೊಟ್ಟಿತು. ತೂಗಿದ್ದೂ ಇಲ್ಲ, ಪೆಟ್ಟಿಗೆಯಲ್ಲಿ ಮೊದಲು ಕಂಡ ಅರ್ಥವನ್ನೇ ಒಪ್ಪಿಕೊಂಡಿರಿ. ಮೂರರಲ್ಲಿ ಒಂದು ಪಾಸು.

ಹಾಗಂತ ಒತ್ತುವುದನ್ನೇ ಬಿಡಿ ಅನ್ನುತ್ತಿಲ್ಲ. ಅದು ಇಲ್ಲದಿದ್ದರೆ ನೀವು ಎರಡು ವರ್ಷ ಓದುತ್ತಲೇ ಇರಲಿಲ್ಲ. ಒತ್ತುವುದಕ್ಕೆ ಮುಂಚೆ ಒಂದು ಕೆಲಸ, ಆಮೇಲೆ ಒಂದು ಕೆಲಸ ಸೇರಿಸಿ. ಮುಂಚೆ ಮಾಡಬೇಕಾದದ್ದು ಊಹೆ. 'ಅವನು ರಿಲಕ್ಟಂಟ್ ಆಗಿ ಬಾಗಿಲು ತೆಗೆದ' ಅಂತಿದ್ದರೆ ಮೂರು ಸೆಕೆಂಡ್ ನಿಂತು, ಕೋಪದಿಂದಲೋ, ನಿಧಾನವಾಗಿಯೋ, ಮನಸ್ಸಿಲ್ಲದ ಮನಸ್ಸಿನಿಂದಲೋ, ಏನಾದರೂ ಒಂದು ಹೇಳಿಕೊಳ್ಳಿ. ಆಮೇಲೆ ಒತ್ತಿ. ಊಹೆ ತಪ್ಪಾದರೆ ಬೇಸರ ಬೇಡ. 'ಅಯ್ಯೋ, ಕೋಪ ಅಂದುಕೊಂಡಿದ್ದೆ, ಹಿಂದೇಟಾ!' ಅನ್ನುವ ಆ ಸಣ್ಣ ಪೆಟ್ಟಿನಿಂದಲೇ ಪದ ಅಂಟಿಕೊಳ್ಳುವುದು. ಆದರೆ ಊಹೆ ಮಾಡಿದ ಮೇಲೆ ಅರ್ಥ ನೋಡದೆ ಮುಂದೆ ಹೋಗಬೇಡಿ. ತಪ್ಪು ಊಹೆಯೂ ಅಷ್ಟೇ ಗಟ್ಟಿಯಾಗಿ ಅಂಟುತ್ತದೆ.

ಆಮೇಲಿನ ಕೆಲಸ ಇನ್ನೂ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಅಧ್ಯಾಯ ಮುಗಿದ ಮೇಲೆ ಪರದೆ ಆರಿಸಿ, ಇವತ್ತು ನೋಡಿದ ಪದಗಳಲ್ಲಿ ಐದನ್ನು ನೆನಪು ಮಾಡಿಕೊಳ್ಳಿ. ಪಟ್ಟಿ ನೋಡಿಕೊಂಡು ಅಲ್ಲ, ನೋಡದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬುವರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗಾಯಿತು. ಅದು ಪದಗಳ ಪ್ರಯೋಗ ಅಲ್ಲ, ಗದ್ಯದ ಪ್ರಯೋಗ. ಆದರೂ ನಿಮ್ಮ ಸಮಸ್ಯೆಗೆ ಸರಿಯಾಗಿ ಹೊಂದುತ್ತದೆ. ನೀವು ಹತ್ತು ಸಲ ನೋಡಿದಿರಿ, ಒಂದು ಸಲವೂ ನೆನಪು ಮಾಡಿಕೊಳ್ಳಲಿಲ್ಲ.

ಇನ್ನೊಂದು ಮಾತು. ಎಲ್ಲ ಪದವನ್ನೂ ಹಿಡಿಯಲು ಹೋಗಬೇಡಿ. ನಾನೊಮ್ಮೆ ಸಮುದ್ರಯಾನದ ಕಾದಂಬರಿ ಓದುವಾಗ ಹಡಗಿನ ಹಗ್ಗ, ಹಾಯಿ, ಕೊಕ್ಕೆಗಳ ಹೆಸರನ್ನೆಲ್ಲ ನಿಷ್ಠೆಯಿಂದ ಬರೆದಿಟ್ಟುಕೊಂಡಿದ್ದೆ. ಆಮೇಲೆ ಜೀವನದಲ್ಲಿ ಒಂದು ಹಾಯಿಹಡಗೂ ಎದುರಾಗಲಿಲ್ಲ. ಒಮ್ಮೆ ಬಂದ ಪದವನ್ನು ಬಿಡಿ. ಎರಡನೇ ಸಲ ಬಂದರೆ ಗಮನಿಸಿ. ಮೂರನೇ ಸಲವೂ ಬಂದರೆ ಅದು ನಿಮ್ಮದು, ಹಿಡಿದುಕೊಳ್ಳಿ. ಕಿಂಡಲ್‌ನಲ್ಲಿ ಓದುವವರಾದರೆ ನೀವು ಅರ್ಥ ನೋಡಿದ ಪದಗಳನ್ನು ಅದು ವೊಕ್ಯಾಬ್ಯುಲರಿ ಬಿಲ್ಡರ್ ಎಂಬ ಜಾಗದಲ್ಲಿ, ಆ ಪದ ಬಂದ ವಾಕ್ಯದ ಜೊತೆಗೇ ಕೂಡಿಡುತ್ತದೆ. ತುಂಬ ಜನಕ್ಕೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ವಾರಕ್ಕೊಮ್ಮೆ ಅದನ್ನು ತೆರೆಯಿರಿ. ಅದೇ ಕಿಂಡಲ್‌ನಲ್ಲಿ ಕಷ್ಟದ ಪದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಅರ್ಥ ತೋರಿಸುವ ವರ್ಡ್ ವೈಸ್ ಅನ್ನುವುದೂ ಇದೆ. ಅದು ಕಥೆ ಓಡಿಸಿಕೊಂಡು ಹೋಗಲು ಚೆನ್ನ. ಪದ ಕಲಿಯುವ ಆಸೆ ಇದ್ದರೆ ಅದನ್ನು ಆರಿಸಿಡಿ, ಊಹೆಗೆ ಅದು ಜಾಗವೇ ಬಿಡುವುದಿಲ್ಲ.

ಪ್ರಶ್ನೆ: ಆಂಕಿ ಆ್ಯಪ್‌ನಲ್ಲಿ ಪದಗಳ ಕಾರ್ಡ್ ಮಾಡಿ ಕಲಿಯುತ್ತಿದ್ದೆ. ಪರೀಕ್ಷೆ ಬಂತು, ಮೂರು ವಾರ ತೆರೆಯಲಿಲ್ಲ. ಈಗ ನೋಡಿದರೆ 1,400 ಕಾರ್ಡ್ ಬಾಕಿ ಅಂತ ತೋರಿಸುತ್ತಿದೆ. ಆ ಸಂಖ್ಯೆ ನೋಡಿದರೇ ಎದೆ ಧಸಕ್ ಅನ್ನುತ್ತದೆ. ಅಳಿಸಿ ಹೊಸದಾಗಿ ಶುರು ಮಾಡಲಾ?

ಉತ್ತರ: ಅಳಿಸಬೇಡಿ. 1,400 ಅನ್ನುವುದು ಸಾಲ ಅಲ್ಲ, ಬಡ್ಡಿ ಏರುವುದಿಲ್ಲ.

ಮೊದಲು ಹೊಸ ಕಾರ್ಡ್‌ಗಳನ್ನು ಸೊನ್ನೆಗೆ ಇಳಿಸಿ. ಆ ಆ್ಯಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ತಿಂಗಳಿಗೆ 600. ಒಂದೊಂದೂ ಒಂದೇ ಸಲ ಬಂದು ಹೋಗುವುದಿಲ್ಲ, ಮತ್ತೆ ಮತ್ತೆ ಬರುತ್ತದೆ. ಶುರುವಿನ ಉತ್ಸಾಹದಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ. ಆಮೇಲೆ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿ, 60 ಇರಲಿ, 80 ಇರಲಿ, ಮುಗಿದ ಮೇಲೆ ಮುಚ್ಚಿಬಿಡಿ. ತಿಂಗಳೊಳಗೆ ರಾಶಿ ಕರಗುತ್ತಾ ಬರುತ್ತದೆ. ಹಳೆಯ ಕಾರ್ಡ್‌ಗಳಲ್ಲಿ ಎಷ್ಟೋ ನಿಮಗೆ ಇನ್ನೂ ನೆನಪಿರುತ್ತವೆ. ಮೂರು ವಾರ ಬಿಟ್ಟರೂ ನೆನಪಿದೆ ಅಂದರೆ ಆ ಕಾರ್ಡನ್ನು ಆ್ಯಪ್ ಇನ್ನೂ ಹೆಚ್ಚು ದಿನ ಬಿಟ್ಟು ತೋರಿಸುತ್ತದೆ, ಒಳ್ಳೆಯದೇ ಆಯಿತು.

ನೆನಪಿದ್ದಷ್ಟೂ ಅಂತರ ಹೆಚ್ಚಿಸುತ್ತಾ ಮತ್ತೆ ನೋಡುವ ಈ ಆಟ ಹೊಸದಲ್ಲ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ತುಂಡು ಪದಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಅದನ್ನು ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದ. ನೆನಪು ಮೊದಲು ಧಡಧಡ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ ಅಂತ ಕಂಡುಕೊಂಡ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಕಾಗದದ ಕಾರ್ಡುಗಳಿಗೆ ಒಂದು ಪೆಟ್ಟಿಗೆಯ ಉಪಾಯ ಹೇಳಿದ. ಗೊತ್ತಿದ್ದರೆ ಕಾರ್ಡ್ ಇನ್ನೂ ತಡವಾಗಿ ತೆರೆಯುವ ಮುಂದಿನ ಖಾನೆಗೆ, ಗೊತ್ತಿಲ್ಲದಿದ್ದರೆ ವಾಪಸ್ ಮೊದಲ ಖಾನೆಗೆ. 1987ರಲ್ಲಿ ಪೋಲೆಂಡ್‌ನ ಪಿಯೋಟ್ರ್ ವೋಜ್ನಿಯಾಕ್ ಅದೇ ವಿಚಾರವನ್ನು ಕಂಪ್ಯೂಟರ್‌ಗೆ ತಂದ, ಅದರ ಲೆಕ್ಕಾಚಾರವನ್ನೇ ತುಸು ಬದಲಿಸಿಕೊಂಡು 2006ರಲ್ಲಿ ಆಂಕಿ ಬಂತು. ಅಂದರೆ ನೀವು ಇಷ್ಟು ಹೆದರುತ್ತಿರುವುದು ಮೂಲದಲ್ಲಿ ಒಂದು ರಟ್ಟಿನ ಪೆಟ್ಟಿಗೆಗೆ.

ನಿಮ್ಮ ಕಾರ್ಡ್‌ಗಳು ಹೇಗಿವೆ ಅಂತ ನೀವು ಬರೆದಿಲ್ಲ. ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ, ಅಷ್ಟೇ ಇದ್ದರೆ ಅದು ಒಣ ಕಾರ್ಡ್. ಪದ ಸಿಕ್ಕ ವಾಕ್ಯವನ್ನೇ ಹಾಕಿ, ಪದದ ಜಾಗ ಖಾಲಿ ಬಿಡಿ. ಬೇರೆಯವರು ಮಾಡಿದ ಐದು ಸಾವಿರ ಪದದ ರೆಡಿಮೇಡ್ ಕಟ್ಟನ್ನು ಇಳಿಸಿಕೊಂಡಿದ್ದರೆ ಮಾತ್ರ ಅದನ್ನು ಧೈರ್ಯವಾಗಿ ತೆಗೆಯಿರಿ. ಬೇರೆಯವರು ಓದಿದ ಪುಸ್ತಕದ ಅಡಿಗೆರೆ ನಿಮಗೇಕೆ?

ಪ್ರಶ್ನೆ: ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ನೋಡಬಾರದು, ಇಂಗ್ಲಿಷ್‌ನಲ್ಲೇ ನೋಡಬೇಕು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಇಂಗ್ಲಿಷ್ ಅರ್ಥದಲ್ಲಿ ಇನ್ನೂ ಮೂರು ಗೊತ್ತಿಲ್ಲದ ಪದ ಇರುತ್ತವೆ!

ಉತ್ತರ: ಮೇಷ್ಟ್ರು ಹೇಳುವುದರಲ್ಲಿ ಅರ್ಧ ನಿಜ ಇದೆ. ಪದ ಮೊದಲ ಸಲ ಎದುರಾದಾಗ ಕನ್ನಡದಲ್ಲೇ ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ಒಂದೇ ಏಟಿಗೆ ತಿಳಿಯುತ್ತದೆ. ತೊಂದರೆ ಬರುವುದು ನೀವು ಆ ಪದವನ್ನು ಬಳಸಲು ಹೋದಾಗ.

ನಾವು ಜೋರು ಮಳೆ ಅನ್ನುತ್ತೇವೆ, ಜೋರು ಗಾಳಿ ಅನ್ನುತ್ತೇವೆ, ಜೋರು ದನಿ ಅಂತಲೂ ಅನ್ನುತ್ತೇವೆ. ಕನ್ನಡದ ಒಂದೇ ಜೋರಿಗೆ ಇಂಗ್ಲಿಷ್‌ನಲ್ಲಿ ಮೂರು ಪದ ಬೇಕು. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್, ದನಿಗೆ ಲೌಡ್. 'ಹೆವಿ ಅಂದರೆ ಭಾರ' ಅಂತ ಕಲಿತವನಿಗೆ ಮಳೆ ಯಾಕೆ ಭಾರ ಅಂತ ತಲೆ ಕೆಡುತ್ತದೆ. ಇನ್ನು 'ಚಾರ್ಜ್' ತೆಗೆದುಕೊಳ್ಳಿ. ಬ್ಯಾಟರಿಗೂ ಚಾರ್ಜ್, ಶುಲ್ಕವೂ ಚಾರ್ಜ್, ಆರೋಪವೂ ಚಾರ್ಜ್, ಹೊಣೆ ಹೊತ್ತರೂ ಚಾರ್ಜ್. ಪುಟಾಣಿ ಪೆಟ್ಟಿಗೆ ಮೊದಲ ಅರ್ಥ ಮಾತ್ರ ತೋರಿಸುತ್ತದೆ, ಕೆಳಗೆ ಎಳೆದರೆ ಉಳಿದವು. ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಹಾಗಾಗಿ ಕನ್ನಡದಲ್ಲಿ ಅರ್ಥ ನೋಡಿ, ಇಂಗ್ಲಿಷ್‌ನಲ್ಲಿ ಉದಾಹರಣೆ ವಾಕ್ಯ ನೋಡಿ. ಇಂಗ್ಲಿಷ್ ಅರ್ಥವೇ ಬೇಕು ಅಂದರೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ನೋಡಿ, ದೊಡ್ಡವರ ನಿಘಂಟು ಬೇಡ. ಕಲಿಯುವವರ ನಿಘಂಟುಗಳಲ್ಲಿ ಅರ್ಥ ಬರೆಯಲು ಸುಲಭ ಪದಗಳನ್ನೇ ಬಳಸುತ್ತಾರೆ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟಿನಲ್ಲಂತೂ ಅರ್ಥವನ್ನೇ ಪೂರ್ತಿ ವಾಕ್ಯವಾಗಿ ಬರೆದಿದ್ದಾರೆ, ಮೇಷ್ಟ್ರು ಪಕ್ಕದಲ್ಲಿ ಕೂತು ವಿವರಿಸಿದ ಹಾಗೆ.

ಪ್ರಶ್ನೆ: ನನ್ನ ಮನೆಮಾತು ಕನ್ನಡ ಅಲ್ಲ. ಮಾತಾಡಲು ಕಲಿತಿದ್ದೇನೆ, ಈಗ ಓದಲು ಪ್ರಯತ್ನಿಸುತ್ತಿದ್ದೇನೆ. ಈ ಪತ್ರವನ್ನು ಸ್ನೇಹಿತೆ ತಿದ್ದಿಕೊಟ್ಟಿದ್ದಾಳೆ. ನನ್ನ ಕಷ್ಟ ಏನೆಂದರೆ ಪದದ ಮೇಲೆ ಒತ್ತಿದರೆ ಅರ್ಧಕ್ಕರ್ಧ ಸಲ 'ಸಿಗಲಿಲ್ಲ' ಅಂತ ಬರುತ್ತದೆ. ಸಿಕ್ಕರೆ ವಿಚಿತ್ರ ಅರ್ಥ ಬರುತ್ತದೆ. ಆ್ಯಪ್ ಸರಿ ಇಲ್ಲವಾ, ನಾನು ಸರಿ ಇಲ್ಲವಾ?

ಉತ್ತರ: ಇಬ್ಬರೂ ಸರಿ ಇದ್ದೀರಿ. ಕನ್ನಡವೇ ಹಾಗೆ. ಈ ಸಲದ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು, ಯಾಕೆಂದರೆ ಹುಟ್ಟಿನಿಂದ ಕನ್ನಡ ಆಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಇಂಗ್ಲಿಷ್‌ನಲ್ಲಿ ಪದಗಳು ಬಿಡಿಬಿಡಿಯಾಗಿ ನಿಂತಿರುತ್ತವೆ, ಒತ್ತಿದರೆ ಒಂದು ಪದ ಸಿಗುತ್ತದೆ. ಕನ್ನಡದಲ್ಲಿ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ರೈಲಿನ ಹಾಗೆ ಬರುತ್ತವೆ. 'ಹೋಗಿಬಿಟ್ಟಿದ್ದನಂತೆ' ಅನ್ನುವುದು ಕಣ್ಣಿಗೆ ಒಂದು ಪದ. ಒಳಗೆ ನೋಡಿದರೆ ಹೋಗಿ, ಬಿಟ್ಟು, ಇದ್ದನು, ಅಂತೆ ಅಂತ ನಾಲ್ಕು ಡಬ್ಬಿ. ನಿಘಂಟು 'ಬಿಡು' ಅಂದರೆ 'ತೊರೆ' ಅನ್ನುತ್ತದೆ. ಇಲ್ಲಿ ಯಾರೂ ಏನನ್ನೂ ತೊರೆದಿಲ್ಲ. ಕೆಲಸ ಪೂರ್ತಿ ಆಗಿಹೋಯಿತು ಅನ್ನಲು ಆ ಬಿಡು ಬಂದಿದೆ. ಅಂತೆ ಬಂದದ್ದು, ನಾನು ನೋಡಿದ್ದಲ್ಲ, ಯಾರೋ ಹೇಳಿದ್ದು ಅನ್ನಲು. ನಿಮಗೆ ಬಂದ ವಿಚಿತ್ರ ಅರ್ಥ ಇಂಥದ್ದೇ ಇರಬೇಕು.

ಅದಕ್ಕೆ ಕೊನೆಯಿಂದ ಸುಲಿಯುತ್ತಾ ಬನ್ನಿ. 'ಪುಸ್ತಕಗಳಲ್ಲಿದ್ದವು' ಸಿಗಲಿಲ್ಲವಾ, ಇದ್ದವು ತೆಗೆಯಿರಿ, ಅಲ್ಲಿ ತೆಗೆಯಿರಿ, ಗಳು ತೆಗೆಯಿರಿ, ಪುಸ್ತಕ ಉಳಿಯಿತು. ಬಾಲಗಳು ಎಣಿಸಿದರೆ ಬಹಳ ಇಲ್ಲ. ಅನ್ನು, ಇಂದ, ಇಗೆ, ಅಲ್ಲಿ, ಗಳು, ಊ, ಏ, ಅಂತೆ, ಇಂಥ ಒಂದು ಮೂವತ್ತು ಬಾಲ ಗುರುತು ಸಿಕ್ಕಿತು ಅಂದರೆ ಸಾವಿರ ಪದ ಕಲಿತಷ್ಟು ಉಪಯೋಗ. ನಾನಾದರೆ ಮೊದಲ ಕಾರ್ಡ್‌ಗಳನ್ನು ಬಾಲಗಳಿಗೇ ಮಾಡುತ್ತಿದ್ದೆ.

ಜೋಡಿಪದಗಳಲ್ಲಿ ಇನ್ನೊಂದು ಮೋಸ ಇದೆ. ಮಳೆಗಾಲದಲ್ಲಿ 'ಗಾಲ' ಹುಡುಕಿದರೆ ಸಿಗುವುದಿಲ್ಲ, ಅದು ಕಾಲ. ಹಳೆಗನ್ನಡದ 'ಗನ್ನಡ' ಕನ್ನಡ. ಬೆಟ್ಟದಾವರೆಯ 'ದಾವರೆ' ತಾವರೆ. ಎರಡನೇ ಪದದ ಮೊದಲ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತದೆ. ವ್ಯಾಕರಣದವರು ಇದನ್ನು ಆದೇಶ ಸಂಧಿ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಗ ಸಿಗದಿದ್ದರೆ ಕ ಹುಡುಕಿ, ಅಷ್ಟೇ.

ಇನ್ನು ಭೂತಕಾಲದ ಕ್ರಿಯಾಪದ. 'ಬಂದ' ಹುಟ್ಟಿದ್ದು ಬರುವಿನಿಂದ, ಕಂಡ ಕಾಣುವಿನಿಂದ, ನಿಂತ ನಿಲ್ಲುವಿನಿಂದ, ಬಿದ್ದ ಬೀಳುವಿನಿಂದ, ಸೋತ ಸೋಲುವಿನಿಂದ. 'ಎದ್ದ' ಹುಟ್ಟಿದ್ದು ಏಳುವಿನಿಂದ, ಅದನ್ನು ಹುಡುಕಿದರೆ ನಿಮ್ಮ ಆ್ಯಪ್ ಮೊದಲು ಆರಾದ ಮೇಲೆ ಬರುವ ಏಳು ತೋರಿಸಿದರೂ ತೋರಿಸೀತು! ಇವನ್ನು ಜೋಡಿಯಾಗಿಯೇ ಬಾಯಿಗೆ ಹಾಕಿಕೊಳ್ಳಿ, ಬೀಳು-ಬಿದ್ದ, ಏಳು-ಎದ್ದ ಅಂತ.

ನಿಘಂಟು ಯಾವುದು ಅಂದರೆ, ವಿ. ಕೃಷ್ಣ ಅವರು ಹಲವು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಒಂದೂವರೆ ಲಕ್ಷ ಪದಗಳಿವೆ. 1894ರ ಕಿಟೆಲ್ ನಿಘಂಟು ದೊಡ್ಡ ಕೆಲಸ, ಆದರೆ ಅದು ಹಳೆಯ ಕಾವ್ಯ ಓದುವಾಗ ಬೇಕಾಗುತ್ತದೆ, ಈಗಲೇ ಬೇಡ. ಇನ್ನೊಂದು, ಹಳೆಯ ಪಿಡಿಎಫ್‌ನಿಂದ ಪದ ನಕಲು ಮಾಡಿದಾಗ ಏನೇನೋ ಗೀಚಿದಂತೆ ಬಂದರೆ ಗಾಬರಿ ಬೇಡ. ಅದನ್ನು ಈಗಿನ ಸಾಮಾನ್ಯ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ಗೆ ಮೊದಲಿನ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಆ ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಅಕ್ಷರ ಹಿಡಿಸಿ, ಬಹಳಷ್ಟು ಸಲ ಕೆಲಸ ಆಗುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಲ್ಲಿ ನೋಡಿಕೊಳ್ಳಿ.

ನಿಮ್ಮ ಸ್ನೇಹಿತೆಗೆ ಒಂದು ಮಾತು ಹೇಳಿ, ಮುಂದಿನ ಪತ್ರ ತಿದ್ದುವುದು ಬೇಡ. ತಪ್ಪಿದ್ದರೂ ನಿಮ್ಮದೇ ಬರಲಿ.

ಪ್ರಶ್ನೆ: ಹತ್ತು ವರ್ಷದ ಮಗಳು ಇಂಗ್ಲಿಷ್ ಪಾಠವನ್ನು ಓದುವುದೇ ಇಲ್ಲ. ಟ್ಯಾಬ್‌ನಲ್ಲಿ ಗಟ್ಟಿಯಾಗಿ ಓದುವ ಬಟನ್ ಒತ್ತಿ ಕೇಳುತ್ತಾ ಕೂರುತ್ತಾಳೆ. ಇದು ಕಳ್ಳಾಟ ಅಲ್ವಾ?

ಉತ್ತರ: ಅವಳ ಕಣ್ಣು ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಕಣ್ಣು ಸಾಲಿನ ಮೇಲಿದ್ದರೆ ಕಳ್ಳಾಟ ಅಲ್ಲ, ಕಿಟಕಿಯ ಮೇಲಿದ್ದರೆ ಹೌದು.

ಇಂಗ್ಲಿಷ್‌ನಲ್ಲಿ ಬರೆದ ಹಾಗೆ ಓದಲು ಆಗುವುದಿಲ್ಲ. ಕನ್ನಡದ ಮಗುವಿಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ, ನಮ್ಮಲ್ಲಿ ಅಕ್ಷರ ಗೊತ್ತಿದ್ದರೆ ಓದು ಬಂದ ಹಾಗೇ. ಹಾಗಾಗಿ ಶಬ್ದ ಕೇಳುತ್ತಾ ಅಕ್ಷರ ನೋಡುವುದು ಅವಳಿಗೆ ನಿಜವಾದ ಸಹಾಯ. ಓದುತ್ತಿರುವ ಪದಕ್ಕೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ ಇದ್ದರೆ ಅದನ್ನು ಹಾಕಿಕೊಡಿ. ಮೈಕ್ರೋಸಾಫ್ಟ್‌ನ ಇಮ್ಮರ್ಸಿವ್ ರೀಡರ್‌ನಲ್ಲಿ ಅದರ ಜೊತೆ ಪದವನ್ನು ತುಂಡು ಮಾಡಿ ತೋರಿಸುವುದು, ಒಂದೊಂದೇ ಸಾಲು ಕಾಣುವಂತೆ ಉಳಿದದ್ದನ್ನು ಮರೆಮಾಡುವುದೂ ಇದೆ. ಅಕ್ಷರ ನೋಡಿದರೆ ತಡವರಿಸುವ ಮಕ್ಕಳಿಗೆ ಇದು ಆಟದ ಸಾಮಾನಲ್ಲ, ಊರುಗೋಲು. ಇಷ್ಟೆಲ್ಲ ಆದಮೇಲೂ ಅವಳು ತುಂಬ ತಡವರಿಸುತ್ತಿದ್ದರೆ ಟೀಚರ್ ಹತ್ತಿರ ಒಮ್ಮೆ ಮಾತಾಡಿ.

ಮೊದಲ ಸಲ ಕೇಳುತ್ತಾ ನೋಡಲಿ. ಎರಡನೇ ಸಲ ಶಬ್ದ ಆರಿಸಿ ಒಂದೇ ಒಂದು ಪ್ಯಾರಾ ಅವಳೇ ಓದಲಿ. ಒಂದೇ, ಇಡೀ ಪಾಠ ಅಲ್ಲ. ಯಂತ್ರದ ತಪ್ಪು ಹಿಡಿಯಲು ಹೇಳಿ, ಮಕ್ಕಳಿಗೆ ಅದು ಬಲು ಇಷ್ಟ. ರೀಡ್ ಮತ್ತು ರೆಡ್ ಒಂದೇ ಸ್ಪೆಲ್ಲಿಂಗ್, ನಿನ್ನೆ ಓದಿದ್ದನ್ನು ಯಂತ್ರ ಕೆಲವು ಸಲ ಇವತ್ತಿನ ಹಾಗೆ ಓದಿಬಿಡುತ್ತದೆ.

ಪ್ರಶ್ನೆ: ಎಐ ಚಾಟ್‌ಬಾಟ್ ಇರುವಾಗ ನಿಘಂಟು ಯಾಕೆ? ಪುಟಕ್ಕೆ ಪುಟವನ್ನೇ ಅನುವಾದ ಮಾಡಿಕೊಡುತ್ತದೆ.

ಉತ್ತರ: ವಿಷಯ ಬೇಕಿದ್ದರೆ ಅನುವಾದ ಮಾಡಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಔಷಧದ ಚೀಟಿ ಓದುವಾಗ ಮಾತ್ರ ಬಲ್ಲವರನ್ನೂ ಒಂದು ಮಾತು ಕೇಳಿ. ಭಾಷೆ ಬೇಕಿದ್ದರೆ ಅದನ್ನು ಉಲ್ಟಾ ಬಳಸಿ. ಪದ ಅದು ಹೇಳುವುದಲ್ಲ, ವಾಕ್ಯ ನೀವು ಬರೆಯಿರಿ, ಅದರಲ್ಲಿರುವ ತಪ್ಪನ್ನು ಅದು ಹೇಳಲಿ. ಸಾಮಾನ್ಯ ಪದಗಳಿಗೆ ಅದರ ಉತ್ತರ ಚೆನ್ನಾಗಿರುತ್ತದೆ. ಅಪರೂಪದ ಪದ, ಗಾದೆ, ಪದದ ಹುಟ್ಟಿನ ಕಥೆ ಕೇಳಿದಾಗ ಗೊತ್ತಿಲ್ಲದಿದ್ದರೂ ಗೊತ್ತಿರುವವರ ಧಾಟಿಯಲ್ಲೇ ಹೇಳಿಬಿಡುತ್ತದೆ. ಅಲ್ಲಿ ನಿಘಂಟು ಬೇಕು.

ಪ್ರಶ್ನೆ: ಡಿಕ್ಷನರಿ ಇಲ್ಲದೆ ಇಂಗ್ಲಿಷ್ ಪುಸ್ತಕ ಓದಲು ಎಷ್ಟು ಪದ ಗೊತ್ತಿರಬೇಕು? ಒಂದು ಸಂಖ್ಯೆ ಹೇಳಿ.

ಉತ್ತರ: ಪದಕಲಿಕೆಯ ಬಗ್ಗೆ ತುಂಬ ಕೆಲಸ ಮಾಡಿದ ನ್ಯೂಜಿಲೆಂಡ್‌ನ ಪಾಲ್ ನೇಶನ್ 2006ರಲ್ಲಿ ಕೊಟ್ಟ ಲೆಕ್ಕ 8,000ದಿಂದ 9,000 ಪದಕುಟುಂಬ. ಕುಟುಂಬ ಅಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ಮಕ್ಕಳು ಮರಿ ಎಲ್ಲ ಸೇರಿ ಒಂದು. ಪುಟದಲ್ಲಿ ನೂರಕ್ಕೆ 98 ಪದ ಗೊತ್ತಿರಬೇಕು ಅನ್ನುವುದು ಅದರ ಹಿಂದಿನ ಲೆಕ್ಕ, ಅಂದರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ಲದ್ದು. ದಿನಕ್ಕೆ ಐದರಂತೆ ಕಲಿತರೂ ನಾಲ್ಕು ವರ್ಷ ದಾಟುತ್ತದೆ. ಆದರೆ ತೀರಾ ಬಳಕೆಯ 2,000 ಕುಟುಂಬವೇ ಸಾಮಾನ್ಯ ಬರಹದ ನೂರಕ್ಕೆ ಸುಮಾರು 80 ಭಾಗವನ್ನು ಹೊತ್ತಿರುತ್ತದೆ. ಅದಕ್ಕೆ ಅಷ್ಟರವರೆಗೆ ಕಾರ್ಡ್ ಹಿಡಿದು ಕಲಿಯಿರಿ, ಆಮೇಲೆ ಕಲಿಯುವವರಿಗಾಗಿ ಹಂತ ಹಂತವಾಗಿ ಬರೆದ ಪುಸ್ತಕಗಳನ್ನು ಓದಿ. ಒಂದು ಪುಟದಲ್ಲಿ ಐದಾರಕ್ಕಿಂತ ಜಾಸ್ತಿ ಸಲ ಬೆರಳು ಹೋಗುತ್ತಿದ್ದರೆ ಆ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲಿರಲಿ, ಒಂದು ಮೆಟ್ಟಿಲು ಕೆಳಗಿನದು ತೆಗೆಯಿರಿ.